ಪದ ಪರಿಚಯ: ಫಾಸ್ಟ್ ಲೆನ್ಸ್

ಫಾಸ್ಟ್ ಲೆನ್ಸ್ ಅಂದರೆ ಬೇಗ ಫೋಕಸ್ ಆಗುವ ಲೆನ್ಸ್ ಅಂತ ಹಲವರು ತಿಳಿದುಕೊಂಡಿದ್ದಾರೆ. ಹಾಗಲ್ಲ. ಒಳಗೆ ಜಾಸ್ತಿ ಬೆಳಕು ಬಿಡುವ ಲೆನ್ಸಿಗೆ ಆ ಹೆಸರು. ಬೆಳಕು ಜಾಸ್ತಿ ಬಂದರೆ ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕನ್ನು ಬಿಟ್ಟು ತಡೆಯುವ ಬಾಗಿಲು, ತುಂಬಾ ಹೊತ್ತು ತೆರೆದಿರಬೇಕಾಗಿಲ್ಲ, ಬೇಗ ಮುಚ್ಚಬಹುದು. ಹೆಸರಿನಲ್ಲಿರುವ ವೇಗ ಆ ಶಟರಿನದು.

ಕೊಡಗಿನಲ್ಲಿ ಫೋಟೊ ತೆಗೆಯುವವರಿಗೆ ಈ ವಿಷಯ ಗೊತ್ತಿರಲೇಬೇಕು. ಮಳೆಗಾಲದಲ್ಲಿ ಮಡಿಕೇರಿ, ಭಾಗಮಂಡಲದ ಕಡೆ ಮಧ್ಯಾಹ್ನವೇ ಲೈಟ್ ಹಾಕಿಕೊಳ್ಳಬೇಕಾಗುತ್ತದೆ. ಕಾಫಿ ತೋಟದ ಮರಗಳ ಅಡಿಯಲ್ಲಿ ಬಿಸಿಲಿನ ದಿನವೂ ಬೆಳಕು ಕಡಿಮೆ. ಐನ್‌ಮನೆಗಳ, ಅಂದರೆ ಕೊಡವ ಒಕ್ಕಗಳ (ಮನೆತನಗಳ) ಹಿರಿಯ ಮನೆಗಳ, ಒಳಗಂತೂ ಕೇಳುವುದೇ ಬೇಡ. ದಪ್ಪ ಗೋಡೆ, ಚಿಕ್ಕ ಕಿಟಕಿ, ವರ್ಷಗಳಿಂದ ಕಪ್ಪಾದ ಮರದ ಕಂಬ ಮತ್ತು ತೊಲೆ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು, ಅಂದರೆ ಭತ್ತದ ತೆನೆ, ತೆಗೆಯುವುದು ರಾತ್ರಿ. ಮಡಿಕೇರಿ ದಸರಾದ ದಶಮಂಟಪಗಳ ಮೆರವಣಿಗೆ ಹೊರಡುವುದೂ ರಾತ್ರಿ. ಮನೆಯವರು ಮುಂದೆ ಹತ್ತಾರು ವರ್ಷ ನೋಡಬೇಕು ಅನ್ನುವ ಫೋಟೊಗಳೆಲ್ಲ ನಮ್ಮಲ್ಲಿ ಹೆಚ್ಚಾಗಿ ಇಂಥ ಬೆಳಕಿನಲ್ಲೇ ಹುಟ್ಟುತ್ತವೆ.

ಲೆನ್ಸಿನ ಮುಂದಿನ ಉಂಗುರದ ಮೇಲೆ 1:1.8 ಅಂತಲೋ 1:3.5-5.6 ಅಂತಲೋ ಬರೆದಿರುತ್ತದೆ. ಅದರಲ್ಲಿ 1: ಆದ ಮೇಲೆ ಬರುವುದೇ ಎಫ್ ನಂಬರ್. ಬೆಳಕು ಒಳಬರುವ ಕಂಡಿಗೆ ಅಪರ್ಚರ್ ಅನ್ನುತ್ತಾರೆ. ಲೆನ್ಸಿನ ಫೋಕಲ್ ಲೆಂತನ್ನು (ಲೆನ್ಸಿನ ಹೆಸರಿನಲ್ಲಿ ಬರುವ 35, 50 ಎಂಎಂ ಅನ್ನುವ ಅಂಕಿ) ಈ ಕಂಡಿಯ ಅಗಲದಿಂದ ಭಾಗಿಸಿದರೆ ಎಫ್ ನಂಬರ್ ಬರುತ್ತದೆ. 50 ಎಂಎಂ ಲೆನ್ಸಿನಲ್ಲಿ ಎಫ್/2 ಅಂದರೆ 25 ಎಂಎಂ ಅಗಲದ ಕಂಡಿ. ಎಫ್/4 ಅಂದರೆ ಹನ್ನೆರಡೂವರೆ ಎಂಎಂ. ಭಾಗಾಕಾರದ ಲೆಕ್ಕವಾದ್ದರಿಂದ ನಂಬರ್ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಹೊಸಬರು ಎಡವುವುದು ಇಲ್ಲೇ.

ಅಗಲ ಎರಡರಷ್ಟಾದರೆ ಬೆಳಕು ಎರಡರಷ್ಟಲ್ಲ, ನಾಲ್ಕರಷ್ಟು. ಲೆಕ್ಕಕ್ಕೆ ಬರುವುದು ಕಂಡಿಯ ವಿಸ್ತೀರ್ಣ ಅಲ್ವಾ? ಅದಕ್ಕೇ 1.4, 2, 2.8, 4, 5.6, 8 ಅನ್ನುವ ವಿಚಿತ್ರ ಸಾಲು. ಒಂದೊಂದು ಮೆಟ್ಟಿಲು ಮುಂದೆ ಹೋದಂತೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಈ ಮೆಟ್ಟಿಲಿಗೆ ಸ್ಟಾಪ್ ಅನ್ನುತ್ತಾರೆ. ಕ್ಯಾಮೆರಾದ ಜೊತೆ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದು ಸಾಮಾನ್ಯವಾಗಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/1.8 ಲೆನ್ಸ್ ಅದರ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಬಿಡುತ್ತದೆ.

ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ತೂಗುದೀಪ ಉರಿಯುತ್ತಿದೆ ಅಂದುಕೊಳ್ಳಿ. ಅದರ ಹತ್ತಿರ ಅಜ್ಜಿ ನಿಂತಿದ್ದಾರೆ. ಬೇರೆ ಲೈಟ್ ಇಲ್ಲ. ಐಎಸ್‌ಒ (ಸಿಕ್ಕಿದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ) 1600 ಇಟ್ಟು ಕಿಟ್ ಲೆನ್ಸಿನಲ್ಲಿ ಎಫ್/5.6ಕ್ಕೆ ತೆಗೆದರೆ ಶಟರ್ ಸುಮಾರು 1/8 ಸೆಕೆಂಡು ತೆರೆದಿರಬೇಕು. ಅಷ್ಟರಲ್ಲಿ ಅಜ್ಜಿ ತಲೆ ತಿರುಗಿಸಿದರೂ ಮುಖ ಕಲಸಿಹೋಗುತ್ತದೆ. ಅದೇ ಜಾಗದಲ್ಲಿ ಎಫ್/2 ಇಟ್ಟರೆ 1/60 ಸಾಕು. ನಿಂತ ಮನುಷ್ಯರಿಗೆ 1/60 ನಡೆಯುತ್ತದೆ.

ಐಎಸ್‌ಒ ಏರಿಸಬಾರದಾ ಅಂತ ಕೇಳಬಹುದು. ಏರಿಸಬಹುದು. ಈಗಿನ ಕ್ಯಾಮೆರಾಗಳು 3200, 6400ರವರೆಗೂ ಚೆನ್ನಾಗಿಯೇ ಕೊಡುತ್ತವೆ. ಆದರೆ ಐಎಸ್‌ಒ ಏರಿಸುವುದೆಂದರೆ ಸಿಕ್ಕಿದಷ್ಟೇ ಬೆಳಕನ್ನು ಹಿಗ್ಗಿಸುವುದು. ಹೊಸ ಬೆಳಕೇನೂ ಬರುವುದಿಲ್ಲ. ಕರಿ ಕುಪ್ಯದ (ಕೊಡವ ಗಂಡಸರ ಉದ್ದ ಅಂಗಿ) ಮಡಿಕೆಗಳಲ್ಲಿ, ಕೂದಲಿನಲ್ಲಿ, ಮರದ ಕಂಬದ ಕೆತ್ತನೆಯಲ್ಲಿ ಮೊದಲು ನಾಯ್ಸ್, ಅಂದರೆ ಮರಳು ಚೆಲ್ಲಿದಂಥ ಚುಕ್ಕೆಗಳು, ಕಾಣಿಸಿಕೊಳ್ಳುತ್ತದೆ. ನೆರಳಿನೊಳಗಿನ ವಿವರವೇ ಮೊದಲು ಹೋಗುವುದು.

ಲೆನ್ಸಿನಲ್ಲೋ ಕ್ಯಾಮೆರಾದಲ್ಲೋ ಇರುವ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಎದುರಿಗಿರುವವರ ಚಲನೆಯನ್ನಲ್ಲ. ಖಾಲಿ ನಡುಬಾಡೆಯ ಫೋಟೊಕ್ಕೆ ಅದು ತುಂಬಾ ಒಳ್ಳೆಯದು. ವಾಲಗದ ವಾದ್ಯಕ್ಕೆ ಕುಣಿಯುವವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಕುಣಿತಕ್ಕೆ ಕನಿಷ್ಠ 1/250 ಬೇಕು.

ಫ್ಲಾಶ್ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ದೀಪದ ಬೆಳಕಿನಲ್ಲಿ ನಡೆಯುವ ಕೆಲಸಕ್ಕೆ ನೇರ ಫ್ಲಾಶ್ ಹೊಡೆಯಬಾರದು. ನೇರ ಫ್ಲಾಶ್ ದೀಪದ ಬೆಳಕನ್ನು ಅಳಿಸಿಬಿಡುತ್ತದೆ, ಉಳಿಯುವುದು ಬೆಳ್ಳಗಾದ ಮುಖ ಮತ್ತು ಹಿಂದಿನ ಕಪ್ಪು ಗೋಡೆ. ಬಿಳಿ ಸೀಲಿಂಗ್ ಇರುವ ಹೊಸ ಮನೆಯಲ್ಲಿ ಫ್ಲಾಶನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಬಹುದು. ಕಪ್ಪು ಮರದ ಸೀಲಿಂಗಿನ ಕೆಳಗೆ ಆ ಉಪಾಯ ನಡೆಯುವುದಿಲ್ಲ. ಬೆಳಕನ್ನು ಮರವೇ ನುಂಗುತ್ತದೆ, ವಾಪಸ್ ಬಂದದ್ದೂ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮದುವೆಯಲ್ಲಿ ಮದುಮಗನ ಬಿಳಿ ಕುಪ್ಯ ಇನ್ನೊಂದು ತೊಂದರೆ. ಹತ್ತಿರದ ಫ್ಲಾಶಿಗೆ ಅದರ ನೇಯ್ಗೆ, ಮಡಿಕೆ ಎಲ್ಲ ಮಾಯವಾಗಿ ಬರೀ ಬಿಳಿ ಉಳಿಯುತ್ತದೆ. ಫಾಸ್ಟ್ ಲೆನ್ಸ್ ಇದ್ದರೆ ಇರುವ ಬೆಳಕನ್ನೇ ನಂಬಬಹುದು.

ಈ ಹುಡುಕಾಟ ಫೋಟೊಗ್ರಫಿಯಷ್ಟೇ ಹಳೆಯದು. ಮೊದಮೊದಲ ಲೆನ್ಸುಗಳು ಎಫ್/15ರ ಆಸುಪಾಸಿನವು, ಕೂತವರು ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. 1840ರಲ್ಲಿ ವಿಯೆನ್ನಾದಲ್ಲಿ ಜೋಸೆಫ್ ಪೆಟ್ಸ್‌ವಾಲ್ ಗಣಿತದ ಲೆಕ್ಕ ಹಾಕಿ ಸುಮಾರು ಎಫ್/3.6ರ ಪೋರ್ಟ್ರೇಟ್ ಲೆನ್ಸ್ ರೂಪಿಸಿದರು. ಫೋಕ್‌ಟ್‌ಲೆಂಡರ್ ಕಂಪನಿ ಅದನ್ನು ತಯಾರಿಸಿತು. 1924ರಲ್ಲಿ ಜರ್ಮನಿಯಲ್ಲಿ ಎಫ್/2 ಲೆನ್ಸಿನ ಎರ್ಮನಾಕ್ಸ್ ಕ್ಯಾಮೆರಾ ಬಂತು. ಪತ್ರಿಕಾ ಫೋಟೊಗ್ರಾಫರ್ ಎರಿಕ್ ಸಾಲೊಮನ್ ಅದನ್ನು ಹಿಡಿದು ಕೋರ್ಟಿನ ಒಳಗೆ, ರಾಜಕಾರಣಿಗಳ ಸಭೆಗಳ ಒಳಗೆ ಫ್ಲಾಶ್ ಇಲ್ಲದೆ ಫೋಟೊ ತೆಗೆದರು. ಎದುರಿಗಿದ್ದವರು ಪೋಸ್ ಕೊಡದೆ ತಮ್ಮ ಪಾಡಿಗೆ ಮಾತಾಡುತ್ತಿರುವ ಫೋಟೊಗಳು ಅವು. ಫಾಸ್ಟ್ ಲೆನ್ಸಿನ ದೊಡ್ಡ ಲಾಭ ಇದೇ ಅಂತ ನನಗೆ ಅನಿಸುತ್ತದೆ. ನಿಮ್ಮ ಕ್ಯಾಮೆರಾ ಅಲ್ಲಿ ಇದೆ ಅನ್ನುವುದನ್ನು ಜನ ಮರೆಯುತ್ತಾರೆ.

ಈಗ ಆಯ್ಕೆಯ ವಿಚಾರ. ಯಾರನ್ನು ಕೇಳಿದರೂ 50 ಎಂಎಂ ಎಫ್/1.8 ತಗೊಳ್ಳಿ ಅನ್ನುತ್ತಾರೆ. ಕಡಿಮೆ ಬೆಲೆ, ಹಗುರ, ಚೆನ್ನಾಗಿ ಬರುತ್ತದೆ, ಎಲ್ಲ ನಿಜ. ಆದರೆ ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರಿನ ಕ್ಯಾಮೆರಾ. ಸೆನ್ಸರ್ ಅಂದರೆ ಬೆಳಕು ಹಿಡಿಯುವ ಫಲಕ. ಅದರಲ್ಲಿ 50 ಎಂಎಂ ಲೆನ್ಸ್, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದ 75 ಅಥವಾ 80 ಎಂಎಂ ಹಾಗೆ ಕಾಣಿಸುತ್ತದೆ. ಮೂರು ಮೀಟರ್ ದೂರ ನಿಂತರೆ ಫ್ರೇಮಿನ ಅಗಲಕ್ಕೆ ಸಿಗುವುದು ಬರೀ 1.4 ಮೀಟರ್ ಜಾಗ. ಮುಕ್ಕಾಲಿಯ ಮೇಲೆ ಕೂತ ಮದುಮಗಳು ಹಿಡಿಸುತ್ತಾಳೆ, ಅಕ್ಕಿ ಹಾಕಿ ಹರಸಲು ಬಂದವರ ಅರ್ಧ ದೇಹ ಹೊರಗೆ ಹೋಗುತ್ತದೆ. ಹಿಂದೆ ಸರಿಯೋಣ ಅಂದರೆ ಗೋಡೆ. ಅದೇ ದೂರದಲ್ಲಿ 35 ಎಂಎಂ ಎರಡು ಮೀಟರ್ ಕೊಡುತ್ತದೆ, 24 ಎಂಎಂ ಮೂರು ಮೀಟರಿಗೆ ಹತ್ತಿರ.

ಹಾಗಾಗಿ ಮನೆಯೊಳಗಿನ ಕೆಲಸಕ್ಕೆ, ಚಿಕ್ಕ ಸೆನ್ಸರಿನ ಕ್ಯಾಮೆರಾಕ್ಕೆ, ಮೊದಲ ಲೆನ್ಸ್ 35 ಎಂಎಂ ಎಫ್/1.8 ಆಗಲಿ ಅನ್ನುವುದು ನನ್ನ ಮಾತು. ನಿಕಾನ್ ಡಿಎಸ್‌ಎಲ್‌ಆರ್‌ಗೆ ಡಿಎಕ್ಸ್ 35 ಎಂಎಂ ಎಫ್/1.8ಜಿ ಇದೆ. ಸೋನಿಯ ಇ ಮೌಂಟಿಗೆ (ಮೌಂಟ್ ಅಂದರೆ ಲೆನ್ಸ್ ಕೂರುವ ಜಾಗ) 35 ಎಂಎಂ ಎಫ್/1.8 ಇದೆ. ಕ್ಯಾನನ್‌ನ ಆರ್‌ಎಫ್ ಮೌಂಟಿನಲ್ಲೂ ಇದೆ. ಇನ್ನೂ ಅಗಲ ಬೇಕು ಅನ್ನುವವರು, ಡಿಎಸ್‌ಎಲ್‌ಆರ್‌ನಂತೆ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಬರುವ ಸಿಗ್ಮಾದ 16 ಎಂಎಂ ಎಫ್/1.4 ನೋಡಬಹುದು. ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ ಮಾತೇ ಬೇರೆ, ಅಲ್ಲಿ 50 ಎಂಎಂ ಆರಾಮಾಗಿ ನಡೆಯುತ್ತದೆ.

ಮದುವೆ ಕೆಲಸ ಮಾಡುವವರು ಎಫ್/2.8 ಜೂಮ್ ಇಟ್ಟುಕೊಳ್ಳುತ್ತಾರೆ. ಓಡಾಡಲು ಜಾಗ ಇಲ್ಲದ ಕಡೆ ಜೂಮ್ ಬೇಕೇ ಬೇಕು. ಆದರೆ ಎಫ್/1.8 ಅದಕ್ಕಿಂತ ಎರಡೂಕಾಲು ಪಟ್ಟಿಗೂ ಜಾಸ್ತಿ ಬೆಳಕು ಕೊಡುತ್ತದೆ, ಬೆಲೆಯೂ ಎಷ್ಟೋ ಕಡಿಮೆ. ಇನ್ನು ಎಫ್/1.2ರ ಆಸೆ. ಕ್ಯಾನನ್ ಆರ್‌ಎಫ್ 50 ಎಂಎಂ ಎಫ್/1.8ರ ತೂಕ 160 ಗ್ರಾಂ, ಎಫ್/1.2ರ ತೂಕ 950 ಗ್ರಾಂ. ಸಿಗುವ ಬೆಳಕು ಎರಡೂಕಾಲು ಪಟ್ಟು. ಸಂಪಾದನೆಯೇ ಫೋಟೊದಿಂದ ಅನ್ನುವವರಿಗೆ ಅದು ಬೇಕಾಗಬಹುದು. ಮನೆ, ಒಕ್ಕದ ಹಬ್ಬ, ನೆಂಟರ ಮದುವೆ ಅನ್ನುವವರಿಗೆ ಬೇಡ.

ದೊಡ್ಡ ಕಂಡಿಗೆ ಒಂದು ಬೆಲೆ ತೆರಬೇಕು. ಫೋಕಸ್ ಆಗುವ ಪದರ ತೆಳುವಾಗುತ್ತದೆ. ಚಿಕ್ಕ ಸೆನ್ಸರಿನಲ್ಲಿ 50 ಎಂಎಂ ಲೆನ್ಸನ್ನು ಎಫ್/1.8ಕ್ಕೆ ತೆರೆದು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಹನ್ನೊಂದು ಹನ್ನೆರಡು ಸೆಂಟಿಮೀಟರ್ ಅಷ್ಟೆ. ಒಂದು ಮೀಟರಿಗೆ ಹೋದರೆ ಮೂರು ಸೆಂಟಿಮೀಟರಿಗೂ ಕಡಿಮೆ. ಕಣ್ಣು ಸ್ಪಷ್ಟ ಬಂದರೆ ಕಿವಿ ಮಸುಕು. ಒಬ್ಬರದೇ ಮುಖಕ್ಕೆ ಇದು ಚೆಂದ. ಆದರೆ ಐನ್‌ಮನೆಯ ಮೆಟ್ಟಿಲ ಮೇಲೆ ಒಕ್ಕದವರೆಲ್ಲ ಮೂರು ಸಾಲು ನಿಂತಾಗ ಎಫ್/1.8 ಇಟ್ಟರೆ ಹಿಂದಿನ ಸಾಲಿನ ಹಿರಿಯರು ಮಸುಕಾಗುತ್ತಾರೆ. ಗುಂಪಿಗೆ ಎಫ್/4 ಅಥವಾ 5.6 ಇಡಿ, ಟ್ರೈಪಾಡ್ ಹಾಕಿ, ಒಂದು ಕ್ಷಣ ಅಲುಗಾಡಬೇಡಿ ಅಂತ ಹೇಳಿ. ಇಬ್ಬರು ಮೂವರಿದ್ದರೆ ಎಫ್/2.8 ಸಾಕು, ಅವರ ಮುಖಗಳು ಕ್ಯಾಮೆರಾದಿಂದ ಒಂದೇ ದೂರದಲ್ಲಿರಲಿ. ಪೂರ್ತಿ ತೆರೆದಾಗ ದೀಪದ ಅಂಚಿನಲ್ಲಿ ನೇರಳೆ ಗೆರೆ ಬರುವುದೂ ಉಂಟು. ಎಫ್/2.2 ಅಥವಾ 2.5ಕ್ಕೆ ಇಳಿಸಿದರೆ ಅದು ಕಡಿಮೆಯಾಗುತ್ತದೆ, ಚಿತ್ರವೂ ಚೂಪಾಗುತ್ತದೆ.

ಕಲ್ಯಾಣ ಮಂಟಪದಲ್ಲಿ ಇನ್ನೊಂದು ಎಚ್ಚರ. ನಮ್ಮ ಕರೆಂಟು 50 ಹರ್ಟ್ಸಿನದು. ಎಷ್ಟೋ ಟ್ಯೂಬ್‌ಲೈಟ್, ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ 1/250, 1/500 ಇಟ್ಟಾಗ ಫೋಟೊದಲ್ಲಿ ಅಡ್ಡ ಪಟ್ಟಿಗಳು ಬರುತ್ತವೆ. ಅಲ್ಲಿ 1/50 ಅಥವಾ 1/100 ಇಡುವುದು ಒಳ್ಳೆಯದು.

ನನ್ನ ಫೋನಿನಲ್ಲೂ ಎಫ್/1.8 ಅಂತ ಇದೆಯಲ್ಲ, ಇದ್ಯಾಕೆ ಬೇಕು? ಒಳ್ಳೆಯ ಪ್ರಶ್ನೆ. ಫೋನಿನ ಲೆನ್ಸಿನ ನಿಜವಾದ ಫೋಕಲ್ ಲೆಂತ್ ಆರು ಎಂಎಂ ಆಸುಪಾಸು. 1.8ರಿಂದ ಭಾಗಿಸಿದರೆ ಕಂಡಿಯ ಅಗಲ ಮೂರು ಎಂಎಂ ಚಿಲ್ಲರೆ. 50 ಎಂಎಂ ಲೆನ್ಸಿನಲ್ಲಿ ಅದು 28 ಎಂಎಂ ಹತ್ತಿರ. ನಂಬರ್ ಒಂದೇ ಆದರೂ ಪುಟ್ಟ ಸೆನ್ಸರ್ ಒಟ್ಟು ಹಿಡಿಯುವ ಬೆಳಕು ತುಂಬಾ ಕಡಿಮೆ. ಆ ಕೊರತೆ ತುಂಬಲು ಫೋನ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸುತ್ತದೆ. ಅಲುಗಾಡದ ವಸ್ತುವಿಗೆ ಅದು ಅದ್ಭುತ. ಓಡಾಡುವ ಮಕ್ಕಳಿಗೆ ಅಲ್ಲ.

ಫಾಸ್ಟ್ ಲೆನ್ಸಿಗೂ ಮಿತಿ ಇದೆ. ಪುತ್ತರಿಯ ಹುಣ್ಣಿಮೆ ಬೆಳಕು ಕಣ್ಣಿಗೆ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಆದರೆ ಬರೀ ಬೆಳದಿಂಗಳಿಗೆ ಐಎಸ್‌ಒ 6400, ಎಫ್/2 ಇಟ್ಟರೂ ಶಟರ್ ಸುಮಾರು ಅರ್ಧ ಸೆಕೆಂಡು ತೆರೆದಿರಬೇಕು. ಗದ್ದೆಯಲ್ಲಿ ಪೊಲಿ ಪೊಲಿ ದೇವಾ ಅನ್ನುತ್ತಾ ಕದಿರು ಕೊಯ್ಯುವವರನ್ನು ಅದರಲ್ಲಿ ಹಿಡಿಯಲು ಆಗುವುದಿಲ್ಲ. ದೀಪ ಅಥವಾ ಟಾರ್ಚ್ ಹಿಡಿದವರ ಹತ್ತಿರ ಹೋಗಿ ನಿಲ್ಲಬೇಕು. ಆ ಬೆಳಕು ಬಿದ್ದ ಮುಖ ಮತ್ತು ಕೈಗೆ ಫೋಕಸ್ ಮಾಡಬೇಕು.

ಕೊಳ್ಳುವಾಗ ಒಂದು ವಿಷಯ ತಪ್ಪದೆ ನೋಡಿ. ನಿಕಾನ್‌ನ ಹಳೆಯ 50 ಎಂಎಂ ಎಫ್/1.8ಡಿ ಅಗ್ಗಕ್ಕೆ ಸಿಗುತ್ತದೆ. ಅದರೊಳಗೆ ಫೋಕಸ್ ಮೋಟರ್ ಇಲ್ಲ. ಡಿ3500, ಡಿ5600 ಥರದ ಕ್ಯಾಮೆರಾಗಳಲ್ಲೂ ಇಲ್ಲ. ಎರಡನ್ನೂ ಜೋಡಿಸಿದರೆ ಆಟೊಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಆ ಕ್ಯಾಮೆರಾಗಳಲ್ಲಿ ಆಟೊಫೋಕಸ್ ಆಗಬೇಕಾದರೆ ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಇರುವ ನಿಕಾನ್ ಲೆನ್ಸ್ ನೋಡಿ.

ಸೆಕೆಂಡ್‌ಹ್ಯಾಂಡ್ ಆದರೆ, ಅದೂ ನಮ್ಮ ಮಳೆ ಕಂಡ ಲೆನ್ಸ್ ಆದರೆ, ಫಂಗಸ್ ನೋಡಲೇಬೇಕು. ಅಪರ್ಚರ್ ಪೂರ್ತಿ ತೆರೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಗಳಂಥದ್ದು ಕಂಡರೆ ಅದೇ ಫಂಗಸ್. ಗಾಜಿನ ಲೇಪನವನ್ನು ತಿಂದುಬಿಟ್ಟರೆ ಕ್ಲೀನ್ ಮಾಡಿದರೂ ಗುರುತು ಉಳಿಯುತ್ತದೆ. ಕೊಂಡ ಮೇಲೆ ಬ್ಯಾಗಿನಲ್ಲಿ ಸುಮ್ನೆ ಮುಚ್ಚಿಡಬೇಡಿ, ಚರ್ಮದ ಕೇಸ್ ಅಂತೂ ಬೇಡವೇ ಬೇಡ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಚಿಕ್ಕ ಮೀಟರ್ ಸಾಕು. ಮೀಟರ್ 40ರಿಂದ 50 ಶೇಕಡಾ ನಡುವೆ ಇರಲಿ. ಜೆಲ್‌ನ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಜೂನ್ ಶುರುವಾಗುವ ಮೊದಲೇ ಈ ಡಬ್ಬಿ ಸಿದ್ಧವಾಗಿರಲಿ.