ಕೊಳದ ಜೀವ ಅದರ ದಡದ ಇಳಿಜಾರಿನಲ್ಲಿದೆ

ಮರಳು ಮತ್ತು ಜಲ್ಲಿ ತೆಗೆದು ಮುಗಿದ ಗಣಿಯನ್ನು ಕಂಡಾಗ ಬಹಳ ಮಂದಿಗೆ ಹೊಳೆಯುವ ಪರಿಹಾರವೆಂದರೆ ಗುಂಡಿ ಮುಚ್ಚಿ, ಮೇಲೆ ಫಲವತ್ತಾದ ಮಣ್ಣು ಹರಡಿ, ಸಾಲಾಗಿ ಸಸಿ ನೆಡುವುದು. ಉದ್ದೇಶ ಒಳ್ಳೆಯದೇ ಆದರೂ, ಅಗೆತ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದಿರುವ ಕಡೆ ಅದು ದೊಡ್ಡ ನಷ್ಟ. ಅಂಥಲ್ಲಿ ಗುಂಡಿಯ ನೀರನ್ನು ಹೊರಹಾಕುತ್ತಿದ್ದ ಪಂಪು ನಿಂತೊಡನೆ, ಜಲ್ಲಿಪದರದಲ್ಲಿ ಸೋಸಿಹೋದ ತಿಳಿನೀರು ತಾನಾಗಿ ತುಂಬಿಕೊಳ್ಳುತ್ತದೆ. ಆ ನೀರಿನಲ್ಲಿ ಎಷ್ಟು ಜೀವ ನೆಲೆಸೀತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆಳವಲ್ಲ, ದಡದ ಇಳಿಜಾರು.

ಗಣಿ ಬಿಟ್ಟುಹೋಗುವ ದಡ ಸಾಮಾನ್ಯವಾಗಿ ಗೋಡೆಯಂತೆ ಕಡಿದಾಗಿರುತ್ತದೆ. ಒಂದು ಮೀಟರ್ ಮುಂದೆ ಸರಿದರೆ ಒಂದು ಮೀಟರ್ ಆಳ ಸಿಗುವ ದಡದಲ್ಲಿ, ಅರ್ಧ ಮೀಟರಿಗಿಂತ ಕಡಿಮೆ ಆಳವಿರುವ ನೀರಿನ ಪಟ್ಟಿಯ ಅಗಲ ಅರ್ಧ ಮೀಟರ್ ಮಾತ್ರ. ಅದೇ ದಡವನ್ನು 20 ಮೀಟರಿಗೆ ಒಂದು ಮೀಟರ್ ಇಳಿಯುವಂತೆ ಹರವಿದರೆ ಆ ಪಟ್ಟಿ 10 ಮೀಟರ್ ಅಗಲವಾಗುತ್ತದೆ. ಬೆಳಕು ತಳ ಮುಟ್ಟುವುದು, ನೀರು ಬೇಗ ಬೆಚ್ಚಗಾಗುವುದು, ಜೊಂಡು ಬೇರೂರುವುದು, ಗೊದಮೊಟ್ಟೆ ಅಡಗುವುದು, ಉದ್ದಕಾಲಿನ ಹಕ್ಕಿ ನಿಂತು ಕೊಕ್ಕಾಡಿಸುವುದು ಎಲ್ಲವೂ ಈ ಪಟ್ಟಿಯಲ್ಲೇ. ಲೋಟದಲ್ಲಿ ನೀರು ಒಂದು ಬೆರಳಿನಷ್ಟು ಇಳಿದರೆ ಹೊಸದೇನೂ ತೆರೆದುಕೊಳ್ಳುವುದಿಲ್ಲ. ಅಗಲವಾದ ತಟ್ಟೆಯಲ್ಲಿ ಅಷ್ಟೇ ಇಳಿದರೆ ಸುತ್ತ ಒಂದು ಒದ್ದೆ ಬಯಲೇ ಕಾಣಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೊಳದ ನೀರು ಇಳಿದಾಗಲೂ ಆಗುವುದು ಇದೇ, ಮತ್ತು ಆ ಒದ್ದೆ ಕೆಸರು ಹಕ್ಕಿಗಳಿಗೆ ಹಾಸಿಟ್ಟ ಊಟ. ದಡವನ್ನು ನೇರಗೆರೆಯಾಗಿ ಎಳೆಯದೆ ಬಟ್ಟೆಯ ನೆರಿಗೆಯಂತೆ ಒಳಹೊರಗೆ ಮಡಿಸಿದರೆ, ಅಷ್ಟೇ ನೀರಿಗೆ ಹೆಚ್ಚು ಅಂಚು ದಕ್ಕುತ್ತದೆ. ಕಾಲು ಜಾರಿ ನೀರಿಗೆ ಬಿದ್ದ ಮಗುವೂ ಇಂಥ ದಡದಲ್ಲಿ ಎದ್ದು ಬರಬಲ್ಲದು ಎಂಬುದನ್ನು ಮರೆಯಬಾರದು. ಒಂದು ಕಡೆ ಮಾತ್ರ, ನೀರಿನ ಮೇಲೆದ್ದಿರುವ ಮರಳುಗೋಡೆಯನ್ನು ಹಾಗೆಯೇ ಉಳಿಸುವುದು ಒಳಿತು. ಮಿಂಚುಳ್ಳಿಗಳೂ ಸ್ಯಾಂಡ್ ಮಾರ್ಟಿನ್ ಹಕ್ಕಿಗಳೂ ಗೂಡಿಗಾಗಿ ಬಿಲ ಕೊರೆಯುವುದು ಅಂಥ ಗೋಡೆಯಲ್ಲಿ.

ಫಲವತ್ತಾದ ಮೇಲ್ಮಣ್ಣಿನ ಮೋಹವಂತೂ ಕೊಳಕ್ಕೆ ನೇರ ಹಾನಿ. ಅದರೊಳಗಿನ ರಂಜಕ ನೀರಿಗೆ ಸೇರಿದರೆ ಪಾಚಿ ಹಬ್ಬಿ ಬೆಳಕನ್ನು ತಡೆಯುತ್ತದೆ, ತಳದ ಸಸ್ಯಗಳು ಸಾಯುತ್ತವೆ, ಅವುಗಳ ಬೇರು ಹಿಡಿದಿಟ್ಟಿದ್ದ ಹೂಳು ಎದ್ದು ನೀರು ಇನ್ನಷ್ಟು ಕದಡುತ್ತದೆ. ಒಮ್ಮೆ ಕದಡಿದ ಕೊಳವನ್ನು ತಿಳಿಯಾಗಿಸುವುದು ಬಹಳ ಕಷ್ಟ. ಬರಡು ಜಲ್ಲಿಯೇ ಇಲ್ಲಿ ಆಸ್ತಿ. ಲಿಟಲ್ ರಿಂಗ್ಡ್ ಪ್ಲೋವರ್ ಎಂಬ ಹಕ್ಕಿ ಬೆಣಚುಕಲ್ಲುಗಳ ನಡುವೆ, ಕಲ್ಲಿನಂತೆಯೇ ಕಾಣುವ ಮೊಟ್ಟೆಯಿಡುತ್ತದೆ. 1938ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಮರಿಮಾಡಿದ್ದು ದಾಖಲಾದ ಈ ಹಕ್ಕಿ, ಮುಂದೆ ಆ ದೇಶದಲ್ಲಿ ಹರಡಿಕೊಂಡದ್ದು ಮುಖ್ಯವಾಗಿ ಜಲ್ಲಿಗಣಿಗಳ ಆಸರೆಯಲ್ಲಿ.

ಹಾಗಾದರೆ ಗಿಡಗಳು ಎಲ್ಲಿಂದ ಬರಬೇಕು? ಚಾರ್ಲ್ಸ್ ಡಾರ್ವಿನ್ ಒಮ್ಮೆ ಪುಟ್ಟ ಕೊಳದ ಅಂಚಿನಿಂದ ಮೂರು ದೊಡ್ಡ ಚಮಚದಷ್ಟು ಕೆಸರನ್ನು ತಂದು, ತನ್ನ ಓದುಕೋಣೆಯಲ್ಲಿ ಆರು ತಿಂಗಳು ಮುಚ್ಚಿಟ್ಟು, ಮೊಳೆತ ಪ್ರತಿ ಸಸಿಯನ್ನೂ ಕಿತ್ತು ಎಣಿಸಿದ. ಒಟ್ಟು 537! ನೀರುಹಕ್ಕಿಗಳ ಕಾಲಿಗೆ ಮೆತ್ತಿದ ಕೆಸರು ಎಷ್ಟು ಬೀಜಗಳನ್ನು ಹೊತ್ತೊಯ್ಯಬಲ್ಲದೆಂದು ಅವನು ಊಹಿಸಿದ್ದು ಇದರಿಂದಲೇ. ಹತ್ತಿರದಲ್ಲಿ ಹಳೆಯ ಜಲಾಶ್ರಯವಿದ್ದರೆ ಹೊಸ ಕೊಳಕ್ಕೆ ಗಿಡಗಳೂ ಕೊಡತಿ ಕೀಟಗಳೂ ತಾವಾಗಿ ಬರುತ್ತವೆ. ಮೀನುಗಳನ್ನು ತಂದು ಬಿಡುವ ಆತುರ ಮಾತ್ರ ಬೇಡ, ಏಕೆಂದರೆ ಅನೇಕ ಮೀನುಗಳು ಗೊದಮೊಟ್ಟೆಗಳನ್ನು ತಿಂದು ಮುಗಿಸುತ್ತವೆ. ಬೇಸಿಗೆಯಲ್ಲಿ ಬತ್ತುವ, ಆದ್ದರಿಂದಲೇ ಮೀನಿಲ್ಲದ ಸಣ್ಣ ಹೊಂಡಗಳನ್ನು ದೊಡ್ಡ ಕೊಳದ ಪಕ್ಕದಲ್ಲಿ ಉಳಿಸಬೇಕು.

ಇಂಗ್ಲೆಂಡಿನ ನಾರ್ಫೋಕ್ ಬ್ರಾಡ್ಸ್ ಸರೋವರಗಳನ್ನು ಜನ ಬಹುಕಾಲ ಪ್ರಕೃತಿಯ ಸೃಷ್ಟಿಯೆಂದೇ ನಂಬಿದ್ದರು. 1950ರ ದಶಕದಲ್ಲಿ ಸಸ್ಯವಿಜ್ಞಾನಿ ಜಾಯ್ಸ್ ಲ್ಯಾಂಬರ್ಟ್ ತಳವನ್ನು ಕೊರೆದು ನೋಡಿದಾಗ ಕಂಡದ್ದು ಕಡಿದಾದ ಗೋಡೆ, ಸಮತಟ್ಟಾದ ನೆಲ: ಅವು ಮಧ್ಯಯುಗದ ಜನ ಉರುವಲಿಗಾಗಿ ಪೀಟ್ (ಜೌಗುನೆಲದಲ್ಲಿ ಅರೆಕೊಳೆತ ಸಸ್ಯಗಳು ಕೂಡಿ ಆದ, ಒಣಗಿಸಿದರೆ ಉರಿಯುವ ಮಣ್ಣು) ಅಗೆದ ಗುಂಡಿಗಳಾಗಿದ್ದವು. ಆ ಗೋಡೆಗಳನ್ನು ಹೂಳೂ ಸಸ್ಯಗಳ ಅವಶೇಷವೂ ಮರೆಮಾಡಿ ಮೆತ್ತಗಿನ ಅಂಚಾಗಿಸಿದ್ದು ಶತಮಾನಗಳ ಅವಧಿಯಲ್ಲಿ. ಈಗಿನ ಅಗೆಯುವ ಯಂತ್ರಕ್ಕೆ ಅದು ಕೆಲವೇ ದಿನಗಳ ಕೆಲಸ, ಆದರೆ ಯಂತ್ರ ಇನ್ನೂ ಗಣಿಯಲ್ಲಿರುವಾಗ, ನೀರು ತುಂಬುವ ಮುನ್ನವೇ ಅದನ್ನು ಮಾಡಿಸಬೇಕು.