ಕ್ಯಾಪ್ಟನ್ ಕೈಯಿಂದ ದುರ್ಬೀನು ಜಾರಿದ್ದು

19ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಹಡಗಿನ ಕ್ಯಾಪ್ಟನ್‌ಗಳು ಬರೆಸಿಕೊಂಡ ಭಾವಚಿತ್ರಗಳಲ್ಲಿ ಒಂದೇ ಠೀವಿ ಮತ್ತೆ ಮತ್ತೆ ಕಾಣುತ್ತದೆ. ಕರಿ ಕೋಟು, ಬಿಳಿ ಕಾಲರು, ಕೈಯಲ್ಲಿ ದುರ್ಬೀನು, ಹಿಂದೆ ಎಲ್ಲೋ ಒಂದು ಪುಟ್ಟ ಹಡಗು. ದುಡ್ಡು ಕೊಟ್ಟವನು ಕ್ಯಾಪ್ಟನ್. ಅವನ ಕಸುಬು ಎದ್ದು ಕಾಣಬೇಕಲ್ವಾ? ದರದಲ್ಲೂ ಚೌಕಾಶಿಗೆ ಜಾಗವಿತ್ತು. ವಿಲಿಯಂ ಮ್ಯಾಥ್ಯೂ ಪ್ರಯರ್ ಎಂಬ ಕಲಾವಿದ 1831ರಲ್ಲಿ ಜಾಹೀರಾತು ಕೊಟ್ಟಿದ್ದ: ನೆರಳಿಲ್ಲದ ಚಪ್ಪಟೆ ಚಿತ್ರ ಸಾಕೆಂದರೆ ಕಾಲು ಭಾಗದ ಬೆಲೆ.

ಮುದಿ ಕ್ಯಾಪ್ಟನ್‌ನ ಚಿತ್ರದ ಕತೆಯೇ ಬೇರೆ. ಅದಕ್ಕೆ ಮ್ಯಾಸಚೂಸೆಟ್ಸ್‌ನ ನಾನ್‌ಟಕೆಟ್ ದ್ವೀಪಕ್ಕೆ ಹೋಗಬೇಕು. ತಿಮಿಂಗಿಲ ಬೇಟೆಯೇ ಅಲ್ಲಿಯವರ ಅನ್ನ. ಒಂದೊಂದು ಯಾನಕ್ಕೆ ಮೂರ್ನಾಲ್ಕು ವರ್ಷ. ತಂದ ಎಣ್ಣೆ ಊರೂರಿನ ದೀಪಗಳಲ್ಲಿ ಉರಿಯುತ್ತಿತ್ತು. ಆಮೇಲೆ ಒಂದರ ಹಿಂದೊಂದು ಪೆಟ್ಟು. ಬಂದರಿನ ಬಾಯಿಗೆ ಅಡ್ಡವಾಗಿದ್ದ ಮರಳಿನ ದಿಬ್ಬ ದೊಡ್ಡ ಹಡಗುಗಳನ್ನು ಒಳಗೆ ಬಿಡಲಿಲ್ಲ. 1846ರಲ್ಲಿ ಪೇಟೆ ಸುಟ್ಟಿತು. 1849ರಲ್ಲಿ ಗಂಡಸರು ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಗುಳೆ ಎದ್ದರು. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಲ್ಲೆಣ್ಣೆಯ ಬಾವಿ ಕೊರೆದ ಮೇಲಂತೂ ಅಗ್ಗದ ಸೀಮೆಎಣ್ಣೆ ಬಂತು, ತಿಮಿಂಗಿಲದ ಎಣ್ಣೆಯನ್ನು ಕೇಳುವವರಿಲ್ಲ. 1869ರಲ್ಲಿ ಕೊನೆಯ ಬೇಟೆ ಹಡಗು ಅಲ್ಲಿಂದ ಹೊರಟಿತು. ಉಳಿದವರು ಕೆಲಸವಿಲ್ಲದ ಮುದುಕರು.

ಅದೇ ಹೊತ್ತಿಗೆ, 1870ರ ಸುಮಾರಿಗೆ, ಅಲ್ಲಿಗೆ ಬಂದವನು ಈಸ್ಟ್‌ಮನ್ ಜಾನ್ಸನ್. ಆಗಲೇ ಹೆಸರು ಮಾಡಿದ್ದ ಕಲಾವಿದ. ಹಾಲೆಂಡಿನ ಹೇಗ್‌ನಲ್ಲಿದ್ದಾಗ, ನೆರಳು-ಬೆಳಕಿನ ಆಟಕ್ಕೆ ಹೆಸರಾದ 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಚಿತ್ರಗಳನ್ನು ಕೂತು ಅಭ್ಯಾಸ ಮಾಡಿದ್ದ. ಕತ್ತಲೆಯಿಂದ ಒಂದು ಮುಖವನ್ನು ಹೇಗೆ ಹೊರತರಬೇಕೆಂಬುದು ಅವನಿಗೆ ಗೊತ್ತಿತ್ತು. ಕ್ಯಾಪ್ಟನ್ ಚಾರ್ಲ್ಸ್ ಮೈರಿಕ್‌ನಂಥ ಹಿರಿಯರನ್ನು ಅವನೇ ಹುಡುಕಿ ಕೂರಿಸಿ ಬರೆದ. ಮೊದಲು ಬರೆಸಿಕೊಳ್ಳುವ ಅಗತ್ಯ ಕ್ಯಾಪ್ಟನ್‌ನದ್ದು, ಈಗ ಬರೆಯುವ ಅಗತ್ಯ ಚಿತ್ರಕಾರನದ್ದು. ನನ್ನ ಮಟ್ಟಿಗೆ, ಈ ಚಿತ್ರಗಳ ಗುಟ್ಟು ಇಲ್ಲೇ ಇದೆ: ಯಾರನ್ನೂ ಮೆಚ್ಚಿಸಬೇಕಿರಲಿಲ್ಲ. ಹಾಗಾಗಿ ಸುಕ್ಕು ಸುಕ್ಕಾಗಿಯೇ ಉಳಿಯಿತು.

ಜಾನ್ಸನ್ 1887ರಲ್ಲಿ ಬರೆದ 'ದಿ ನಾನ್‌ಟಕೆಟ್ ಸ್ಕೂಲ್ ಆಫ್ ಫಿಲಾಸಫಿ' ಚಿತ್ರ ನೋಡಿ. ಚಮ್ಮಾರನ ಅಂಗಡಿ, ಬೆಚ್ಚಗಿನ ಒಲೆ, ಸುತ್ತ ಕುರ್ಚಿ ಎಳೆದುಕೊಂಡು ಕೂತ ಮಾಜಿ ನಾವಿಕರು. ದುಡಿಯುತ್ತಿರುವವನು ಚಮ್ಮಾರ ಒಬ್ಬನೇ! ಹರಟೆಕಟ್ಟೆಗೆ ತತ್ವಶಾಸ್ತ್ರದ ಶಾಲೆ ಅಂತ ಹೆಸರಿಟ್ಟಿದ್ದರಲ್ಲಿ ತುಂಟತನವಿದೆ, ಸ್ವಲ್ಪ ಮರ್ಯಾದೆಯೂ ಇದೆ. ಚಿತ್ರ ಈಗ ಬಾಲ್ಟಿಮೋರ್‌ನ ವಾಲ್ಟರ್ಸ್ ಮ್ಯೂಸಿಯಂನಲ್ಲಿದೆ. ಅದನ್ನು ಬರೆಯುವ ಹೊತ್ತಿಗೆ ದ್ವೀಪ ಹೊಸ ಕಸುಬು ಹಿಡಿದಾಗಿತ್ತು. ಬೇಸಿಗೆ ಕಳೆಯಲು ಬರುವ ಪಟ್ಟಣದವರಿಗೆ ಮನೆ ಬಾಡಿಗೆಗೆ ಕೊಡುವುದು, ಅವರು ಕೇಳಿದರೆ ಸಮುದ್ರದ ಕತೆ ಹೇಳುವುದು.