ನೆರೆ ಬಂದಾಗ ಸಮುದಾಯ ಬಾನುಲಿ: ಕರೆಂಟು, ಆಂಟೆನಾ, ಪ್ರಕಟಣೆ

ನಮ್ಮ ದೇಶದಲ್ಲಿ ಸಮುದಾಯ ಬಾನುಲಿ ಕೇಂದ್ರಕ್ಕೆ ಸಾಮಾನ್ಯವಾಗಿ ಸಿಗುವ ಅನುಮತಿ 100 ವ್ಯಾಟ್ ಇಆರ್‌ಪಿ, ಅಂದರೆ ಆಂಟೆನಾದ ಗಳಿಕೆಯನ್ನೂ (ಶಕ್ತಿಯನ್ನು ಬೇಕಾದ ದಿಕ್ಕಿಗೆ ಕೂಡಿಸಿ ಅದು ಹೆಚ್ಚಿಸುವ ಬಲ) ಸೇರಿಸಿ ಲೆಕ್ಕ ಹಾಕಿದ ಶಕ್ತಿ. ಆಂಟೆನಾ ನೆಲದಿಂದ 15ರಿಂದ 30 ಮೀಟರ್ ಎತ್ತರದಲ್ಲಿರಬೇಕು. ಟ್ರಾನ್ಸ್‌ಮಿಟರ್ ಹೆಚ್ಚಾಗಿ 50 ವ್ಯಾಟ್‌ನದು. ಬಯಲುಸೀಮೆಯಲ್ಲಿ ಇದು 10–15 ಕಿ.ಮೀ. ಕೇಳಿಸುತ್ತದೆ, ಮಲೆನಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಪಕ್ಕದ ಕಣಿವೆಗೂ ತಲುಪದು. ಆದರೂ ಮೊಬೈಲ್ ಟವರಿನ ಬ್ಯಾಟರಿ ಬರಿದಾದ ಮೇಲೆ ಊರಿಗೆ ಉಳಿಯುವ ದನಿ ಇದೇ. ನೂರು ಜನ ಕೇಳಲಿ, ಹತ್ತು ಸಾವಿರ ಜನ ಕೇಳಲಿ, ಪ್ರಸಾರಕ್ಕೆ ಹೊರೆ ಒಂದೇ.

ಕರೆಂಟಿನ ಲೆಕ್ಕ

ವಿಪತ್ತಿನಲ್ಲಿ ಟ್ರಾನ್ಸ್‌ಮಿಟರ್ ಕೆಟ್ಟು ಕೇಂದ್ರ ಮೌನವಾಗುವುದು ಕಡಿಮೆ. ಮೊದಲು ಕೈಕೊಡುವುದು ಕರೆಂಟು. 50 ವ್ಯಾಟ್ ಹೊರಹಾಕುವ ಟ್ರಾನ್ಸ್‌ಮಿಟರ್ ಸುಮಾರು 110 ವ್ಯಾಟ್ ಎಳೆಯುತ್ತದೆ. ಲ್ಯಾಪ್‌ಟಾಪ್, ಮಿಕ್ಸರ್, ಒಂದು ದೀಪ ಸೇರಿದರೆ 200 ವ್ಯಾಟ್ ಎಂದು ಹಿಡಿಯಿರಿ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ. ಬ್ಯಾಟರಿ ಹಾಳಾಗದಂತೆ ಅದರ 70% ಬಳಸಿದರೆ 1,260. ಇನ್ವರ್ಟರ್ ನಷ್ಟ ಕಳೆದರೆ ಎಡೆಬಿಡದ ಪ್ರಸಾರ ಐದೂವರೆ ಗಂಟೆಗೂ ಬಾರದು.

ಹಾಗಾಗಿ ಎಡೆಬಿಡದೆ ಪ್ರಸಾರ ಮಾಡಲೇಬಾರದು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಪ್ರತಿ ಗಂಟೆಯ ಮೊದಲ 15 ನಿಮಿಷ ಮಾತ್ರ. ದಿನಕ್ಕೆ 17 ಪ್ರಸಾರ, ಒಟ್ಟು ನಾಲ್ಕೂಕಾಲು ಗಂಟೆ, ನಷ್ಟ ಸೇರಿ ಸುಮಾರು 1,000 ವ್ಯಾಟ್-ಅವರ್. ಎರಡು ಬ್ಯಾಟರಿಗೆ ಎರಡೂವರೆ ದಿನ ದಕ್ಕುತ್ತದೆ. ಬಿಡುವಿನಲ್ಲಿ ಇನ್ವರ್ಟರನ್ನೂ ಆರಿಸಬೇಕು. ಸುಮ್ಮನೆ ಉರಿದರೂ ಅದು ಬ್ಯಾಟರಿ ತಿನ್ನುತ್ತದೆ. ಕೇಳುಗರಿಗೂ ಇದೇ ಅನುಕೂಲ: ಗಂಟೆ ಹೊಡೆದಾಗಷ್ಟೇ ರೇಡಿಯೊ ಹಾಕಿದರೆ ಅವರ ಸೆಲ್ಲೂ ಉಳಿಯುತ್ತದೆ.

ಬ್ಯಾಟರಿ ಇಳಿಯುತ್ತಿದ್ದರೆ 50 ವ್ಯಾಟನ್ನು 12ಕ್ಕೆ ತಗ್ಗಿಸಲು ಹೆದರಬೇಡಿ. ಶಕ್ತಿ ಕಾಲುಭಾಗವಾದರೆ ವ್ಯಾಪ್ತಿ ಕಾಲುಭಾಗವಾಗುವುದಿಲ್ಲ. ಸಮತಟ್ಟು ನೆಲದಲ್ಲಿ ಸುಮಾರು 70% ಉಳಿಯುತ್ತದೆ; 12 ಕಿ.ಮೀ. ಇದ್ದದ್ದು ಎಂಟು ಚಿಲ್ಲರೆ ಕಿ.ಮೀ. ಆಗುತ್ತದೆ.

2019ರ ಮೇ 3ರಂದು ಫನಿ ಚಂಡಮಾರುತ ಒಡಿಶಾದ ಪುರಿ ಬಳಿ ದಡ ಹತ್ತಿತು. ಆಮೇಲೆ ಹಲವೆಡೆ ಕರೆಂಟು ಬರಲು ವಾರಗಳೇ ಹಿಡಿದವು. ಅಂದರೆ ಬ್ಯಾಟರಿ ಬರಿ ಮೊದಲ ಮೂರು ದಿನದ ಮಾತು. ಮೋಡ ಕವಿದ ದಿನ ಸೋಲಾರ್ ಫಲಕದಿಂದ ಬಿಸಿಲಿನ ದಿನದ ಐದನೇ ಒಂದು ಪಾಲಷ್ಟೇ ನಂಬಿ. ಜನರೇಟರ್‌ಗೆ ಪೆಟ್ರೋಲ್ ಮೊದಲೇ ತಂದಿರಬೇಕು, ಕರೆಂಟಿಲ್ಲದೆ ಬಂಕಿನ ಪಂಪೂ ಓಡದು. ಮಳೆ ಎಂದು ಜನರೇಟರನ್ನು ಸ್ಟುಡಿಯೊ ಒಳಗೆ, ವರಾಂಡದಲ್ಲಿ ಇಡುವುದು ಜೀವಕ್ಕೇ ಅಪಾಯ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಕಂಬ ಬಿದ್ದರೆ

30 ಮೀಟರ್ ಕಂಬ ಉರುಳಿ, ಆಂಟೆನಾವನ್ನು 10 ಮೀಟರ್ ಪೈಪಿಗೆ ಕಟ್ಟಿದರೆ ಸಂಕೇತದ ಬಲ ಸುಮಾರು ಮೂರನೇ ಒಂದಾಗುತ್ತದೆ. ಬಲ ಮೂರು ಪಟ್ಟಾಗಲು ಶಕ್ತಿ 3×3 ಪಟ್ಟಾಗಬೇಕು; ಹಾಗಾಗಿ ಅದನ್ನು ಶಕ್ತಿಯಿಂದ ತುಂಬಿಸಲು 9 ಪಟ್ಟು, ಅಂದರೆ 450 ವ್ಯಾಟ್ ಬೇಕು. ಅದು ಆಗದ ಮಾತು. ಎತ್ತರದ ಕಟ್ಟಡ ಹುಡುಕಿ.

ತುರ್ತು ಡೈಪೋಲ್ (ಎರಡು ತೋಳಿನ ಸರಳ ಆಂಟೆನಾ) ಮಾಡುವುದು ಸುಲಭ. 142.5ನ್ನು ನಿಮ್ಮ ಕೇಂದ್ರದ ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 90.4ಕ್ಕೆ 1.58 ಮೀಟರ್, ಒಂದೊಂದು ತೋಳು 79 ಸೆಂ.ಮೀ. ಅಲ್ಯೂಮಿನಿಯಂ ಕೊಳವೆ ಸಾಕು. ನೆಟ್ಟಗೆ ನಿಲ್ಲಿಸಿ, ಬಸ್ಸು ಕಾರುಗಳ ಕಡ್ಡಿ ಆಂಟೆನಾ ನಿಂತೇ ಇರುತ್ತದೆ. ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ: 20 ಮೀಟರ್ ತೆಳು ಆರ್‌ಜಿ-58 ಹಾಕಿದರೆ 50 ವ್ಯಾಟಿನಲ್ಲಿ ಅರ್ಧ ಕೇಬಲ್ಲಿನಲ್ಲೇ ಕರಗುತ್ತದೆ, ದಪ್ಪನೆಯ ಆರ್‌ಜಿ-213 ಆದರೆ ಸುಮಾರು 37 ವ್ಯಾಟ್ ಮೇಲೆ ತಲುಪುತ್ತದೆ. ಮಳೆಯಲ್ಲಿ ಕನೆಕ್ಟರಿಗೆ ನೀರಿಳಿದರೆ, ಆಂಟೆನಾದಿಂದ ಮರಳುವ ಶಕ್ತಿಯ ಅಳತೆಯಾದ ಎಸ್‌ಡಬ್ಲ್ಯುಆರ್ ಏರಿ, ಟ್ರಾನ್ಸ್‌ಮಿಟರ್ ತನ್ನನ್ನು ಉಳಿಸಿಕೊಳ್ಳಲು ತಾನೇ ಶಕ್ತಿ ಇಳಿಸುತ್ತದೆ. ‘ಟ್ರಾನ್ಸ್‌ಮಿಟರ್ ಹೋಯಿತು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಕನೆಕ್ಟರಿಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ, ಕೇಬಲ್ ಒಳಬರುವ ಮುನ್ನ ನೀರು ತೊಟ್ಟಿಕ್ಕಲು ಕೆಳಗೊಂದು ಬಾಗು ಬಿಡಿ. ಹೊಸ ಆಂಟೆನಾಕ್ಕೆ ಮೊದಲು 5 ವ್ಯಾಟ್ ಕೊಟ್ಟು ಮೀಟರ್ ನೋಡಿ, ಆಮೇಲೆ ಏರಿಸಿ.

ಏನು ಹೇಳಬೇಕು

‘ಆಲಮಟ್ಟಿಯಿಂದ 3 ಲಕ್ಷ ಕ್ಯೂಸೆಕ್ ಬಿಡಲಾಗಿದೆ’ ಎಂದರೆ ನದಿದಂಡೆಯ ಅಜ್ಜಿಗೆ ತನ್ನ ಮನೆಯ ಗತಿ ಏನೆಂದು ತಿಳಿಯದು. ಹೀಗೆ ಬರೆಯಿರಿ:

“ಈಗ ಮಧ್ಯಾಹ್ನ 2 ಗಂಟೆ. ತಹಶೀಲ್ದಾರ್ ಕಚೇರಿ 1 ಗಂಟೆ 40 ನಿಮಿಷಕ್ಕೆ ತಿಳಿಸಿದ್ದು: ಹೊಳೆ ನೀರು ಹಳೇ ಸೇತುವೆ ಮೇಲೆ ಬಂದಿದೆ. ಸೇತುವೆ ದಾಟಬೇಡಿ. ಕೆಳಗೇರಿಯವರು ಸಂಜೆ 5ರೊಳಗೆ ಪ್ರೌಢಶಾಲೆಯ ಕಾಳಜಿ ಕೇಂದ್ರಕ್ಕೆ ಬನ್ನಿ. ದನಕರುಗಳನ್ನು ಎಪಿಎಂಸಿ ಆವರಣಕ್ಕೆ ಹೊಡೆದುಕೊಂಡು ಬನ್ನಿ. ಮುಂದಿನ ಮಾಹಿತಿ 3 ಗಂಟೆಗೆ.”

ದನದ ಸಾಲನ್ನು ಬಿಟ್ಟರೆ ಅರ್ಧ ಊರು ಕದಲುವುದಿಲ್ಲ. ಸಮಯದ ಸಾಲನ್ನು ಬಿಟ್ಟರೆ, ನೀರಿಳಿದ ಮೇಲೂ ಹಳೆಯ ಮಾತು ಬಾಯಿಂದ ಬಾಯಿಗೆ ಓಡಾಡುತ್ತದೆ. ಅದಕ್ಕೇ ತುರ್ತು ಪ್ರಕಟಣೆಯನ್ನು ಧ್ವನಿಮುದ್ರಿಸಿ ಮತ್ತೆ ಮತ್ತೆ ಹಾಕಬಾರದು, ಪ್ರತಿ ಸಲ ಹೊಸದಾಗಿ ಓದಬೇಕು. ಸಮಯ, ಹೇಳಿದವರು, ಖಚಿತಪಡಿಸಿದವರು ಎಂದು ಮೂರು ಅಂಕಣದ ಪುಸ್ತಕ ಮೈಕಿನ ಪಕ್ಕದಲ್ಲಿರಲಿ. ಮೂರನೇ ಅಂಕಣ ಖಾಲಿ ಇದ್ದರೆ ಓದುವಂತಿಲ್ಲ. ಸಮುದಾಯ ಬಾನುಲಿ ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ. ಸ್ಥಳೀಯ ಆಡಳಿತ ಕೊಟ್ಟ ನೈಸರ್ಗಿಕ ವಿಕೋಪದ ಪ್ರಕಟಣೆಗೆ ಅಡ್ಡಿಯಿಲ್ಲ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಮುಂಗಾರಿಗೆ ಮುಂಚೆ ಅಲ್ಲಿಂದ ಒಬ್ಬ ಸಂಪರ್ಕಾಧಿಕಾರಿಯ ಹೆಸರು ಬರೆಸಿಕೊಳ್ಳಿ.

ಭಾಷೆಯನ್ನೂ ಮರೆಯಬಾರದು. 1995ರ ಜನವರಿ 17ರ ಭೂಕಂಪದ ನಂತರ ಜಪಾನಿನ ಕೋಬೆ ನಗರದಲ್ಲಿ ಕೊರಿಯನ್, ವಿಯೆಟ್ನಾಮಿ ನಿವಾಸಿಗಳಿಗಾಗಿ ಅವರವರ ಭಾಷೆಯಲ್ಲೇ ಪುಟ್ಟ ಎಫ್‌ಎಂ ಪ್ರಸಾರಗಳು ಹುಟ್ಟಿಕೊಂಡವು. ಕೊಡಗಿನ ತೋಟದ ಲೈನ್‌ಮನೆಗಳಿಗೆ ಬರಿ ಕನ್ನಡದ ಪ್ರಕಟಣೆ ಸಾಕೇ ಎಂದು ಯೋಚಿಸಿ.

ಮರಳಿ ಬರುವ ದಾರಿ

ಬಾನುಲಿಗೆ ಬಾಯಿ ಇದೆ, ಕಿವಿ ಇಲ್ಲ. ಫೋನು ಸತ್ತಾಗ ಹಳ್ಳಿಯ ಸ್ಥಿತಿ ಕೇಂದ್ರಕ್ಕೆ ತಲುಪಿಸಬಲ್ಲವರು ಪರವಾನಗಿ ಇರುವ ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು. 144–146 ಮೆಗಾಹರ್ಟ್ಸ್‌ನ 5 ವ್ಯಾಟ್ ಕೈಸೆಟ್, ಎತ್ತರದ ಜಾಗದಲ್ಲೊಬ್ಬರು, ಕೇಂದ್ರದಲ್ಲೊಬ್ಬರು ಇದ್ದರೆ ಆರಂಭಕ್ಕೆ ಸಾಕು. ಅವರ ದನಿಯನ್ನು ನೇರ ಪ್ರಸಾರಕ್ಕೆ ಜೋಡಿಸಬೇಡಿ. ಬರೆದುಕೊಂಡು, ಖಚಿತಪಡಿಸಿಕೊಂಡು ಓದಿ. ಮೂವತ್ತು ಕಿ.ಮೀ. ಆಚೆಯ ಇನ್ನೊಂದು ಸಮುದಾಯ ಕೇಂದ್ರ ನಿಮ್ಮ ಊರಿಗೆ ಕೇಳಿಸದು, ಆದರೆ ಅವರ ಹೆಚ್ಚುವರಿ ಕೇಬಲ್, ಫ್ಯೂಸ್, ಒಬ್ಬ ನಿರೂಪಕ ಜೀಪಿನಲ್ಲಿ ಬರಬಹುದು.

ಕೊನೆಗೆ ಕೇಳುವ ಸಾಧನ. ಮೊಬೈಲಿನ ಎಫ್‌ಎಂಗೆ ಸಾಮಾನ್ಯವಾಗಿ ಇಯರ್‌ಫೋನ್ ತಂತಿಯೇ ಆಂಟೆನಾ. ಬ್ಲೂಟೂತ್‌ನಿಂದ ಆ ಕೆಲಸ ಆಗದು, ಹೊಸ ಫೋನುಗಳೆಷ್ಟೋ ಎಫ್‌ಎಂ ಇಲ್ಲದೆಯೇ ಬರುತ್ತವೆ. ಪ್ರತಿ ಕಾಳಜಿ ಕೇಂದ್ರಕ್ಕೂ ಸ್ಪೀಕರ್ ಇರುವ, ಸೆಲ್ ಹಾಕುವ ಒಂದು ರೇಡಿಯೊ ಕೊಟ್ಟಿಡಿ. ಸೆಲ್ಲನ್ನು ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಹೊರಗೆ ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ರೇಡಿಯೊದ ಹಿಡಿಕೆಗೇ ತೂಗುಹಾಕಿ.